ಕೆಲಸ ಕೊನೆಯವರೆಗೆ ಮುಗಿಯಬೇಕು: ಸುಗಮ್ಯ ತಂತ್ರಜ್ಞಾನವನ್ನು ರೂಪಿಸುವ ಬಗೆ

ವೈದ್ಯರ ಭೇಟಿಗೆ ಸಮಯ ಕಾಯ್ದಿರಿಸುವ ಆ್ಯಪ್ ಒಂದನ್ನು ನೀವು ರೂಪಿಸುತ್ತಿದ್ದೀರಿ ಎಂದುಕೊಳ್ಳಿ. ಅದನ್ನು ಬಳಸುವವರು ವೈದ್ಯರನ್ನು ಹುಡುಕಬೇಕು, ದಿನವನ್ನೂ ಸಮಯವನ್ನೂ ಆರಿಸಬೇಕು, ತಮ್ಮ ವಿವರಗಳನ್ನು ತುಂಬಬೇಕು, ಹಣ ಪಾವತಿಸಬೇಕು, ಕೊನೆಗೆ ದೃಢೀಕರಣದ ಸಂದೇಶವನ್ನು ಪಡೆಯಬೇಕು. ಈ ಐದು ಹಂತಗಳಲ್ಲಿ ನಾಲ್ಕನ್ನು ದೃಷ್ಟಿಯಿಲ್ಲದ ವ್ಯಕ್ತಿಯೊಬ್ಬರು ಸಲೀಸಾಗಿ ದಾಟಬಲ್ಲವರಾಗಿದ್ದು, ದಿನ ಆರಿಸುವ ಕ್ಯಾಲೆಂಡರಿನ ಬಳಿ ಮಾತ್ರ ಸಿಕ್ಕಿಕೊಂಡರೂ ಆ ಆ್ಯಪ್ ಅವರ ಪಾಲಿಗೆ ಪೂರ್ತಿ ನಿರುಪಯೋಗಿಯೇ. ಅವರು ಇನ್ನೊಬ್ಬರನ್ನು ಕರೆಯಬೇಕಾಗುತ್ತದೆ. ತಮಗೆ ಯಾವ ಕಾಯಿಲೆಯಿದೆ, ಯಾವ ವೈದ್ಯರನ್ನು ಕಾಣಲು ಹೊರಟಿದ್ದೇವೆ ಎಂಬ ಖಾಸಗಿ ಸಂಗತಿಯನ್ನು ಆ ಇನ್ನೊಬ್ಬರ ಮುಂದೆ ತೆರೆದಿಡಬೇಕಾಗುತ್ತದೆ. ಆದ್ದರಿಂದ ಸುಗಮ್ಯತೆಯನ್ನು, ಅಂದರೆ ಅಂಗವೈಕಲ್ಯವಿರುವವರೂ ಬಳಸಬಲ್ಲಂತಿರುವ ಗುಣವನ್ನು, ಪುಟಗಳ ಲೆಕ್ಕದಲ್ಲಾಗಲಿ, ಸರಿಪಡಿಸಿದ ದೋಷಗಳ ಲೆಕ್ಕದಲ್ಲಾಗಲಿ ಅಳೆಯದೆ, ಒಂದು ಕೆಲಸವನ್ನು ಒಬ್ಬ ವ್ಯಕ್ತಿ ಯಾರ ನೆರವೂ ಇಲ್ಲದೆ ಮೊದಲಿನಿಂದ ಕೊನೆಯವರೆಗೆ ಮುಗಿಸಬಲ್ಲರೇ ಎಂಬುದರಿಂದಲೇ ಅಳೆಯಬೇಕು. ಮುಂದಿನ ಎಲ್ಲ ಸೂಚನೆಗಳೂ ಈ ಒಂದು ಅಳತೆಗೋಲಿಗೆ ಸಂಬಂಧಪಟ್ಟವು.

ಯಾರಿಗಾಗಿ ಎಂಬ ಪ್ರಶ್ನೆಗೆ ಹೆಚ್ಚಿನ ತಂಡಗಳು ಕೊಡುವ ಉತ್ತರ ತೀರ ಕಿರಿದಾಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 130 ಕೋಟಿ ಜನರಿಗೆ, ಅಂದರೆ 6 ಜನರಲ್ಲಿ ಒಬ್ಬರಿಗೆ, ಗಣನೀಯ ಅಂಗವೈಕಲ್ಯವಿದೆ. ಪೂರ್ಣ ಅಂಧತ್ವವಿರುವವರು ಇವರಲ್ಲಿ ಒಂದು ಭಾಗ ಮಾತ್ರ. ಮಂದದೃಷ್ಟಿಯಿಂದ ಅಕ್ಷರಗಳನ್ನು ನಾಲ್ಕು ಪಟ್ಟು ಹಿಗ್ಗಿಸಿ ಓದುವವರು, ಕೈ ನಡುಗುವುದರಿಂದ ಸಣ್ಣ ಗುಂಡಿಯನ್ನು ಒತ್ತಲಾಗದವರು, ಒಂದೇ ಸ್ವಿಚ್ಚಿನಿಂದ ಇಡೀ ಫೋನನ್ನು ನಡೆಸುವವರು, ಕಿವಿ ಕೇಳಿಸದವರು, ಉದ್ದನೆಯ ಸೂಚನೆಯನ್ನು ನೆನಪಿನಲ್ಲಿ ಇಟ್ಟುಕೊಳ್ಳಲು ಕಷ್ಟಪಡುವವರು, ಮಿನುಗುವ ಬೆಳಕಿನಿಂದ ಅಪಸ್ಮಾರ ಕೆರಳುವವರು, ಓದುವಾಗ ಸಾಲು ತಪ್ಪುವ ಡಿಸ್ಲೆಕ್ಸಿಯಾ ಇರುವವರು, ಇವರೆಲ್ಲರೂ ನಿಮ್ಮ ಆ್ಯಪಿನ ಬಳಕೆದಾರರೇ. ವಯಸ್ಸಾದಂತೆ ಒಬ್ಬರಲ್ಲೇ ಎರಡು ಮೂರು ತೊಂದರೆಗಳು ಕೂಡಿಬರುವುದೂ ಸಾಮಾನ್ಯ. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವೈಕಲ್ಯವಿರುವ ವ್ಯಕ್ತಿಗಳ ಹಕ್ಕುಗಳ ಒಡಂಬಡಿಕೆಯ 9ನೇ ವಿಧಿಯು ಮಾಹಿತಿ ಮತ್ತು ಸಂವಹನ ತಂತ್ರಜ್ಞಾನವನ್ನು ರಸ್ತೆ, ಕಟ್ಟಡ, ಸಾರಿಗೆಗಳ ಸಾಲಿನಲ್ಲೇ ಹೆಸರಿಸುತ್ತದೆ. ಹಾಗಾಗಿ ಇದನ್ನು ತಂಡದ ಔದಾರ್ಯವೆಂದು ಭಾವಿಸದೆ ಬಳಕೆದಾರರ ಹಕ್ಕೆಂದು ಭಾವಿಸಿಯೇ ಕೆಲಸ ಆರಂಭಿಸಬೇಕು.

ಮೊದಲು ಯಾರನ್ನು ಕೇಳಬೇಕು

ಟೆಲಿಫೋನ್ 1876ರಲ್ಲಿ ಬಂದಿತು. ಕಿವುಡರು ಸಾಮಾನ್ಯ ಟೆಲಿಫೋನ್ ತಂತಿಯ ಮೂಲಕ ಪರಸ್ಪರ ಮಾತು ಟೈಪಿಸಿಕೊಳ್ಳಲು ಸಾಧ್ಯವಾದದ್ದು 1964ರಲ್ಲಿ. ಟೈಪಿಸಿದ್ದನ್ನು ತಂತಿಯ ಮೂಲಕ ಕಳುಹಿಸುವ ಹಳೆಯ ಟೆಲಿಟೈಪ್ ಯಂತ್ರಗಳನ್ನು ಫೋನಿನ ರಿಸೀವರಿಗೆ ಹೊಂದಿಸುವ ಸಾಧನವನ್ನು ಆಗ ಕಂಡುಹಿಡಿದ ರಾಬರ್ಟ್ ವೈಟ್‌ಬ್ರೆಕ್ಟ್ ಸ್ವತಃ ಕಿವುಡರಾಗಿದ್ದ ಭೌತವಿಜ್ಞಾನಿ. ಟೆಲಿಟೈಪ್ ಯಂತ್ರಗಳು ಅದಕ್ಕೆ ಬಹಳ ಮೊದಲೇ ಬಳಕೆಯಲ್ಲಿದ್ದವು. ಅವುಗಳ ಅಗತ್ಯವನ್ನು ದಿನವೂ ಅನುಭವಿಸುತ್ತಿದ್ದ ಒಬ್ಬರು ವಿನ್ಯಾಸದ ಮೇಜಿಗೆ ಬರುವವರೆಗೆ ಆ ಎರಡನ್ನೂ ಜೋಡಿಸುವ ಕೆಲಸ ಹಾಗೆಯೇ ಉಳಿದಿತ್ತು. ಇಂದು ವಿಂಡೋಸ್‌ನಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರನ್ನು (ಪರದೆಯ ಮೇಲಿರುವುದನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶವನ್ನು) 2006ರಲ್ಲಿ ಬರೆಯಲು ಆರಂಭಿಸಿದ ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ ಕೂಡ ಅಂಧರು.

ಆದ್ದರಿಂದ ಮೊದಲ ಚಿತ್ರ ಬರೆಯುವ ಮೊದಲೇ, ನೀವು ರೂಪಿಸಲಿರುವ ಕೆಲಸವನ್ನು ಈಗ ಬೇರೆ ಸಾಧನಗಳಲ್ಲಿ ಹೇಗೆ ಮಾಡುತ್ತೀರಿ ಎಂದು ಅಂಗವೈಕಲ್ಯವಿರುವ ನಾಲ್ಕೈದು ಜನರನ್ನು ಕೇಳಿ, ಅವರು ಅದನ್ನು ಮಾಡುವುದನ್ನು ಪಕ್ಕದಲ್ಲಿ ಕುಳಿತು ನೋಡಿ. ಅವರು ಎಲ್ಲಿ ತಡೆದು ನಿಲ್ಲುತ್ತಾರೆ, ಯಾವ ಉಪಾಯದಿಂದ ಮುಂದೆ ಹೋಗುತ್ತಾರೆ ಎಂಬುದನ್ನು ಬರೆದುಕೊಳ್ಳಿ; ಬಾಯಿಮಾತಿನಲ್ಲಿ ಯಾರೂ ಹೇಳದ ಸಂಗತಿಗಳು ಅಲ್ಲಿ ಸಿಗುತ್ತವೆ. ಅವರ ಸಮಯಕ್ಕೆ, ಬೇರೆ ಯಾವುದೇ ತಜ್ಞರಿಗೆ ಕೊಡುವಂತೆ, ಸಂಭಾವನೆ ಕೊಡಿ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಹತ್ತು ನಿಮಿಷ ಆ್ಯಪ್ ಬಳಸಿ ಅಂಧರ ಅನುಭವ ತಿಳಿಯಿತು ಎಂದುಕೊಳ್ಳುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಅದು ಮೊದಲ ದಿನದ ಗಾಬರಿಯನ್ನು ಮಾತ್ರ ತೋರಿಸುತ್ತದೆ. ಸ್ಕ್ರೀನ್ ರೀಡರನ್ನು ವರ್ಷಗಟ್ಟಲೆ ಬಳಸಿ, ಹೊಸಬರ ಕಿವಿಗೆ ಅರ್ಥವೇ ಆಗದಷ್ಟು ವೇಗದಲ್ಲಿ ಅದನ್ನು ಕೇಳಬಲ್ಲವರ ಕೌಶಲವನ್ನು ಅದು ಮರೆಮಾಚುತ್ತದೆ.

ಇದರ ಜೊತೆಗೆ ಒಂದು ಮಾನದಂಡವೂ ಬೇಕು. ವೆಬ್‌ನ ಮಾನದಂಡಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 1999ರಲ್ಲಿ ಮೊದಲು ಪ್ರಕಟಿಸಿದ ವೆಬ್ ಸುಗಮ್ಯತೆಯ ಮಾರ್ಗಸೂಚಿಯ 2.2ನೇ ಆವೃತ್ತಿ 2023ರ ಅಕ್ಟೋಬರಿನಲ್ಲಿ ಹೊರಬಂದಿತು. ವಿಷಯವನ್ನು ಯಾವುದಾದರೊಂದು ಇಂದ್ರಿಯದಿಂದ ಗ್ರಹಿಸಲಾಗಬೇಕು, ಯಾವುದಾದರೊಂದು ವಿಧಾನದಿಂದ ನಡೆಸಲಾಗಬೇಕು, ಅರ್ಥವಾಗಬೇಕು, ಬೇರೆ ಬೇರೆ ಸಾಧನಗಳಲ್ಲಿ ಗಟ್ಟಿಯಾಗಿ ನಿಲ್ಲಬೇಕು ಎಂಬ ನಾಲ್ಕು ತತ್ವಗಳ ಮೇಲೆ ಅದು ನಿಂತಿದೆ. ಎ, ಡಬಲ್ ಎ, ಟ್ರಿಪಲ್ ಎ ಎಂಬ ಮೂರು ಮಟ್ಟಗಳಲ್ಲಿ ಡಬಲ್ ಎ ಮಟ್ಟವನ್ನು ಗುರಿಯಾಗಿ ಇಟ್ಟುಕೊಳ್ಳುವುದು ರೂಢಿ, ಅದು ಸರಿಯಾದ ಆರಂಭವೂ ಹೌದು. ಮೊಬೈಲ್ ಆ್ಯಪ್‌ಗಳಿಗೂ ಇದರ ಬಹುಪಾಲು ಅಂಶಗಳು ಅನ್ವಯಿಸುತ್ತವೆ.

ಕಣ್ಣಿಗೆ ಕಾಣದ ರಚನೆ

ನನ್ನ ಅನುಭವದಲ್ಲಿ ಅತಿ ಹೆಚ್ಚು ತೊಂದರೆ ಹುಟ್ಟುವುದೂ, ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಪ್ರಯೋಜನ ಸಿಗುವುದೂ ಇಲ್ಲಿಯೇ. ಹಾಗಾಗಿ ಈ ಭಾಗವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಪುಟವೊಂದನ್ನು ಕಣ್ಣಿನಿಂದ ನೋಡುವವರಿಗೆ ಅಕ್ಷರದ ಗಾತ್ರ, ಬಣ್ಣ, ಖಾಲಿ ಜಾಗಗಳೇ ಅದರ ರಚನೆಯನ್ನು ಹೇಳಿಬಿಡುತ್ತವೆ. ಸ್ಕ್ರೀನ್ ರೀಡರ್ ಅದನ್ನೆಲ್ಲ ನೋಡುವುದಿಲ್ಲ. ಅದು ಪುಟದ ಹಿಂದಿರುವ ಸಂಕೇತವನ್ನು (ಕೋಡನ್ನು) ಓದಿ, ಪ್ರತಿಯೊಂದು ಅಂಶದ ಹೆಸರೇನು, ಅದರ ಪಾತ್ರವೇನು, ಅದು ಈಗ ಯಾವ ಸ್ಥಿತಿಯಲ್ಲಿದೆ ಎಂಬ ಮೂರು ಸಂಗತಿಗಳನ್ನು ಹೇಳುತ್ತದೆ. "ಸಮಯ ಖಚಿತಪಡಿಸಿ, ಬಟನ್", "ನೆನಪೋಲೆ ಕಳುಹಿಸಿ, ಚೆಕ್ ಬಾಕ್ಸ್, ಗುರುತು ಹಾಕಲಾಗಿದೆ" ಎಂಬಂತೆ. ಈ ಮೂರರಲ್ಲಿ ಒಂದು ತಪ್ಪಿದರೂ ಕೇಳುವವರು ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ವೆಬ್ ಪುಟಗಳನ್ನು ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಬಟನ್‌ಗೆಂದೇ ಇರುವ ಟ್ಯಾಗನ್ನು ಬಳಸಿದರೆ ಹೆಸರು, ಪಾತ್ರ, ಕೀಬೋರ್ಡಿನ ಎಂಟರ್ ಮತ್ತು ಸ್ಪೇಸ್ ಕೀಲಿಗಳಿಗೆ ಓಗೊಡುವ ಗುಣ, ಎಲ್ಲವೂ ಬ್ರೌಸರಿನಿಂದಲೇ ಬರುತ್ತವೆ. ಅದನ್ನು ಬಿಟ್ಟು ತನ್ನದೇ ಪಾತ್ರವಿಲ್ಲದ ಯಾವುದೋ ಒಂದು ಡಿವ್ ಟ್ಯಾಗಿಗೆ ಬಣ್ಣ ಬಳಿದು, ಮೌಸ್ ಕ್ಲಿಕ್ಕಿಗೆ ಓಗೊಡುವ ಸಂಕೇತ ಅಂಟಿಸಿದರೆ ಕಣ್ಣಿಗೆ ಅದು ಬಟನ್ನಿನಂತೆಯೇ ಕಾಣುತ್ತದೆ, ಆದರೆ ಸ್ಕ್ರೀನ್ ರೀಡರಿನ ಪಾಲಿಗೆ ಅದು ಬರಿಯ ಪಠ್ಯ. ಟ್ಯಾಬ್ ಕೀಲಿ ಒತ್ತುವವರ ಪಾಲಿಗೆ ಅದು ಇಲ್ಲವೇ ಇಲ್ಲ. ಇಂಥ ಕೊರತೆಯನ್ನು ತುಂಬಲು ಅಂಶದ ಹೆಸರು, ಪಾತ್ರ, ಸ್ಥಿತಿಗಳನ್ನು ಸ್ಕ್ರೀನ್ ರೀಡರಿಗೆ ತಿಳಿಸುವ ಏರಿಯಾ (ARIA) ಎಂಬ ಗುಣಲಕ್ಷಣಗಳ ಗುಂಪು ಇದೆ. ಆದರೆ ಅದನ್ನು ಬಳಸುವ ಮೊದಲ ನಿಯಮವೇ, ಎಚ್‌ಟಿಎಂಎಲ್‌ನಲ್ಲಿ ಸಹಜವಾಗಿ ಸಿಗುವ ಅಂಶದಿಂದ ಕೆಲಸ ಆಗುವುದಾದರೆ ಏರಿಯಾ ಬೇಡ ಎನ್ನುತ್ತದೆ. ಏರಿಯಾ ಒಂದು ಅಂಶವನ್ನು ಬಟನ್ ಎಂದು ಕರೆಯಬಲ್ಲುದೇ ಹೊರತು ಅದಕ್ಕೆ ಬಟನ್ನಿನ ನಡವಳಿಕೆಯನ್ನು ಕೊಡಲಾರದು. ಹೆಸರು ಕೊಟ್ಟು ನಡವಳಿಕೆ ಕೊಡದಿದ್ದರೆ ಬಳಕೆದಾರರಿಗೆ ಸುಳ್ಳು ಹೇಳಿದಂತಾಗುತ್ತದೆ.

ಶೀರ್ಷಿಕೆಗಳ ವಿಷಯದಲ್ಲೂ ಹೀಗೆಯೇ. ಸ್ಕ್ರೀನ್ ರೀಡರ್ ಬಳಸುವವರು ಪುಟವನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಕೇಳುತ್ತ ಕೂರುವುದಿಲ್ಲ. ಎನ್‌ವಿಡಿಎ ಮತ್ತು ಜಾಸ್ ಎಂಬ ಇನ್ನೊಂದು ಸ್ಕ್ರೀನ್ ರೀಡರಿನಲ್ಲಿ ಎಚ್ ಕೀಲಿಯನ್ನು ಒತ್ತುತ್ತ ಒಂದು ಶೀರ್ಷಿಕೆಯಿಂದ ಮುಂದಿನದಕ್ಕೆ ಹಾರುತ್ತ, ಬೇಕಾದುದನ್ನು ಹುಡುಕುತ್ತಾರೆ. ಅಕ್ಷರವನ್ನು ದಪ್ಪ ಮಾಡಿ ಶೀರ್ಷಿಕೆಯಂತೆ ತೋರಿಸಿದರೆ ಈ ಹಾದಿ ಮುಚ್ಚಿಹೋಗುತ್ತದೆ. ಹಂತಗಳನ್ನು ಒಂದರ ಕೆಳಗೆ ಒಂದು ಬರುವಂತೆ, ನಡುವೆ ಮಟ್ಟ ಬಿಟ್ಟುಹೋಗದಂತೆ, ನಿಜವಾದ ಶೀರ್ಷಿಕೆ ಟ್ಯಾಗುಗಳಿಂದಲೇ ಕಟ್ಟಬೇಕು. ಕೊಂಡಿಗಳ ಪಟ್ಟಿಯನ್ನು ಪ್ರತ್ಯೇಕವಾಗಿ ತೆರೆದು ಕೇಳುವವರೂ ಇರುವುದರಿಂದ "ಇಲ್ಲಿ ಕ್ಲಿಕ್ ಮಾಡಿ" ಎಂಬ ಹೆಸರಿನ ಹತ್ತು ಕೊಂಡಿಗಳು ಯಾರಿಗೂ ಏನನ್ನೂ ಹೇಳುವುದಿಲ್ಲ. ಕೊಂಡಿಯ ಮಾತೇ ಅದು ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು ಹೇಳಬೇಕು.

ಈಗ ಕ್ಯಾಲೆಂಡರಿಗೆ ಬರೋಣ. ಸುಂದರವಾದ ಕ್ಯಾಲೆಂಡರ್ ಚೌಕಟ್ಟು ಕೀಬೋರ್ಡಿಗೆ ಸಿಗದಿದ್ದರೆ, ಅದರ ಪಕ್ಕದಲ್ಲೇ ದಿನಾಂಕವನ್ನು ಟೈಪಿಸುವ ಒಂದು ಸರಳ ಜಾಗ ಕೊಡುವುದು ಬಹಳಷ್ಟು ಸಲ ಸಾಕಾಗುತ್ತದೆ. ಕ್ಯಾಲೆಂಡರೇ ಬೇಕೆಂದರೆ ಬಾಣದ ಕೀಲಿಗಳಿಂದ ದಿನದಿಂದ ದಿನಕ್ಕೆ ಸರಿಯಲು ಬರಬೇಕು, ಪ್ರತಿ ಚೌಕವೂ ಬರಿಯ "14" ಎನ್ನದೆ ವಾರ, ತಿಂಗಳುಗಳ ಸಹಿತ ತನ್ನ ಹೆಸರು ಹೇಳಬೇಕು, ಬಿಡುವಿಲ್ಲದ ದಿನ ಬಿಡುವಿಲ್ಲವೆಂದೇ ಕೇಳಿಸಬೇಕು, ಎಸ್ಕೇಪ್ ಒತ್ತಿದರೆ ಅದು ಮುಚ್ಚಿ, ಫೋಕಸ್, ಅಂದರೆ ಕೀಬೋರ್ಡ್ ಈಗ ಯಾವ ಅಂಶದ ಮೇಲಿದೆ ಎಂಬ ಗುರುತು, ಅದನ್ನು ತೆರೆದ ಬಟನ್ನಿಗೇ ಮರಳಬೇಕು. ಫೋಕಸ್ ಎಲ್ಲಿದೆ ಎಂಬುದನ್ನು ತೋರಿಸುವ ಗೆರೆಯನ್ನು ಅಂದಗೆಡುತ್ತದೆ ಎಂಬ ಕಾರಣಕ್ಕೆ ಅಳಿಸಿಹಾಕುವುದು ಮೌಸ್ ಬಳಸುವವರಿಂದ ಬಾಣದ ಗುರುತನ್ನು ಕಸಿದುಕೊಳ್ಳುವುದಕ್ಕೆ ಸಮ. ಪುಟದ ಮೇಲ್ಭಾಗದಲ್ಲಿ ಅಂಟಿಕೊಂಡೇ ಇರುವ ಪಟ್ಟಿಯು ಫೋಕಸ್ ಇರುವ ಅಂಶವನ್ನು ಪೂರ್ತಿ ಮುಚ್ಚಿಬಿಡಬಾರದೆಂಬುದು 2.2ನೇ ಆವೃತ್ತಿಯಲ್ಲಿ ಹೊಸದಾಗಿ ಸೇರಿದ ನಿಯಮಗಳಲ್ಲಿ ಒಂದು.

ಅರ್ಜಿ ತುಂಬುವ ಜಾಗ

ವಿವರ ತುಂಬುವ ಪ್ರತಿ ಖಾನೆಗೂ ಅದರ ಹೊರಗೆ, ಸದಾ ಕಾಣುವಂತೆ, ಸಂಕೇತದಲ್ಲಿ ಅದಕ್ಕೇ ಜೋಡಿಸಿದ ಹೆಸರು ಇರಬೇಕು. ಖಾನೆಯೊಳಗೆ ತಿಳಿಬೂದು ಬಣ್ಣದಲ್ಲಿ ಬರೆದ ಸುಳಿವು ಹೆಸರಿನ ಬದಲಿಗೆ ನಿಲ್ಲಲಾರದು. ಮೊದಲ ಅಕ್ಷರ ಟೈಪಿಸುತ್ತಲೇ ಅದು ಮಾಯವಾಗುತ್ತದೆ, ನೆನಪಿನ ತೊಂದರೆಯಿರುವವರು ಏನು ತುಂಬುತ್ತಿದ್ದೆವೆಂದು ತಿಳಿಯಲು ಟೈಪಿಸಿದ್ದನ್ನೆಲ್ಲ ಅಳಿಸಬೇಕಾಗುತ್ತದೆ. ದನಿಯಿಂದ ಫೋನು ನಡೆಸುವವರಿಗೂ ಈ ಹೆಸರೇ ಆಧಾರ. ಪರದೆಯ ಮೇಲೆ "ಮುಂದುವರಿಸಿ" ಎಂದು ಕಾಣುವ ಬಟನ್ನಿಗೆ ಸಂಕೇತದಲ್ಲಿ ಬೇರೇನೋ ಹೆಸರಿದ್ದರೆ, ಅವರು ಎಷ್ಟು ಸಲ "ಮುಂದುವರಿಸಿ" ಎಂದರೂ ಅದು ಒತ್ತಿಕೊಳ್ಳುವುದಿಲ್ಲ.

ತಪ್ಪಾದಾಗ ಖಾನೆಯ ಅಂಚನ್ನು ಕೆಂಪಾಗಿಸಿ ಸುಮ್ಮನಾಗಬಾರದು. ಯಾವ ಖಾನೆಯಲ್ಲಿ ಏನು ತಪ್ಪಾಗಿದೆ, ಹೇಗೆ ಸರಿಪಡಿಸಬೇಕು ಎಂಬುದನ್ನು ಮಾತಿನಲ್ಲಿ ಬರೆದು, ಆ ಮಾತನ್ನು ಖಾನೆಗೆ ಜೋಡಿಸಿ, ಫೋಕಸನ್ನು ಅಲ್ಲಿಗೆ ಒಯ್ಯಿರಿ. "ಅಮಾನ್ಯ ದತ್ತಾಂಶ" ಎನ್ನುವುದಕ್ಕಿಂತ "ಫೋನ್ ಸಂಖ್ಯೆಯಲ್ಲಿ 10 ಅಂಕಿಗಳು ಇರಬೇಕು, ನೀವು 9 ತುಂಬಿದ್ದೀರಿ" ಎನ್ನುವುದು ಎಲ್ಲರಿಗೂ ಉಪಕಾರಿ. ಒಂದು ಹಂತದಲ್ಲಿ ಕೊಟ್ಟ ವಿವರವನ್ನು ಮುಂದಿನ ಹಂತದಲ್ಲಿ ಮತ್ತೆ ಟೈಪಿಸುವಂತೆ ಮಾಡಬೇಡಿ. ಪಾಸ್‌ವರ್ಡನ್ನೂ ಒಟಿಪಿಯನ್ನೂ ಪೇಸ್ಟ್ ಮಾಡಲು ಬಿಡಿ. ಅದನ್ನು ತಡೆಯುವುದರಿಂದ ಅಂಕಿಗಳನ್ನು ನೆನಪಿಟ್ಟುಕೊಳ್ಳಲಾಗದವರೇ ಹೆಚ್ಚು ಕಷ್ಟಕ್ಕೆ ಸಿಲುಕುತ್ತಾರೆ. ತಾನು ಮನುಷ್ಯನೆಂದು ತೋರಿಸಲು ತಿರುಚಿದ ಅಕ್ಷರಗಳನ್ನು ನೋಡಿ ಟೈಪಿಸಬೇಕಾದ ಕ್ಯಾಪ್ಚಾ ಒಂದೇ ದಾರಿಯಾಗಿದ್ದರೆ ಅದು ಅಂಧರ ಮುಂದೆ ಹಾಕಿದ ಬೀಗವೇ ಸರಿ.

ಕಾಲಮಿತಿಯ ಬಗ್ಗೆ ವಿಶೇಷ ಗಮನವಿರಲಿ. ಪಾವತಿಯ ಪುಟ ಮೂರು ನಿಮಿಷಕ್ಕೆ ಮುಗಿದುಹೋಗುವಂತೆ ಇಡುವವರು, ಅದನ್ನು ಒಂದು ಸ್ವಿಚ್ಚಿನಿಂದ ಅಕ್ಷರಕ್ಕೊಂದರಂತೆ ಆರಿಸುತ್ತ ತುಂಬುವವರನ್ನು ಕಂಡಿರುವುದಿಲ್ಲ. ಮಿತಿಯನ್ನು ತೆಗೆದುಹಾಕಲು, ಬದಲಿಸಲು ಇಲ್ಲವೇ ಹೆಚ್ಚಿಸಲು ಅವಕಾಶವಿರಬೇಕು. ಹೆಚ್ಚಿಸುವ ದಾರಿಯನ್ನು ಆರಿಸಿಕೊಂಡರೆ, ಮುಗಿಯುವ ಮೊದಲು ಎಚ್ಚರಿಸಿ, ಒಂದು ಸರಳ ಕ್ರಿಯೆಯಿಂದ ಸಮಯ ಪಡೆಯಲು ಕನಿಷ್ಠ 20 ಸೆಕೆಂಡು ಕೊಟ್ಟು, ಹೀಗೆ ಕನಿಷ್ಠ 10 ಸಲ ಹೆಚ್ಚಿಸಿಕೊಳ್ಳಲು ಬಿಡಬೇಕೆಂದು ಮಾರ್ಗಸೂಚಿ ಹೇಳುತ್ತದೆ.

ಬಣ್ಣ, ಗಾತ್ರ, ಚಲನೆ

ಇವು ಅಳೆಯಲು ಸುಲಭವಾದವು, ಆದ್ದರಿಂದ ಚುಟುಕಾಗಿ ಹೇಳುತ್ತೇನೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಕಾಂಟ್ರಾಸ್ಟ್ (ಹೊಳಪಿನ ವ್ಯತ್ಯಾಸದ ಅನುಪಾತ) ಕನಿಷ್ಠ 4.5:1 ಇರಬೇಕು, 18 ಪಾಯಿಂಟಿನ, ಅಥವಾ ದಪ್ಪಗಿನ 14 ಪಾಯಿಂಟಿನ ಅಕ್ಷರಗಳಿಗೂ, ಗುಂಡಿಗಳ ಅಂಚು ಮತ್ತು ಅರ್ಥವುಳ್ಳ ಚಿಹ್ನೆಗಳಿಗೂ 3:1 ಸಾಕು. ಬಿಳಿಯ ಮೇಲೆ #767676 ಎಂಬ ಬೂದು ಬಣ್ಣ 4.5:1ರ ಗಡಿಯನ್ನು ಅಷ್ಟಕ್ಕಷ್ಟೇ ದಾಟುತ್ತದೆ, ಅದಕ್ಕಿಂತ ತಿಳಿಯಾದದ್ದು ದಾಟುವುದಿಲ್ಲ. ಬಿಡುವಿರುವ ಸಮಯ ಹಸಿರು, ಇಲ್ಲದ್ದು ಕೆಂಪು ಎಂದು ಬಣ್ಣ ಒಂದರಿಂದಲೇ ಸೂಚಿಸಬೇಡಿ. ಯುರೋಪ್ ಮೂಲದ ಪುರುಷರಲ್ಲಿ ಸುಮಾರು 12ಕ್ಕೆ ಒಬ್ಬರಿಗೆ ಬಣ್ಣಗುರುಡು ಇದೆ, ಅದರಲ್ಲಿ ಹೆಚ್ಚಿನದು ಕೆಂಪು ಹಸಿರುಗಳ ನಡುವಿನದೇ. ಪಕ್ಕದಲ್ಲಿ ಒಂದು ಪದ ಅಥವಾ ಗುರುತು ಇಟ್ಟರೆ ಸಮಸ್ಯೆ ತೀರಿತು.

ಅಕ್ಷರವನ್ನು 200 ಪ್ರತಿಶತ ಹಿಗ್ಗಿಸಿದಾಗ ಯಾವ ಪಠ್ಯವೂ ಕತ್ತರಿಸಿಹೋಗಬಾರದು. 320 ಪಿಕ್ಸೆಲ್ ಅಗಲದಲ್ಲಿ ಪುಟ ತಾನೇ ಮಡಿಸಿಕೊಂಡು, ಓದುವವರು ಅಡ್ಡಡ್ಡ ಸರಿಸುವ ಪ್ರಸಂಗ ಬರಬಾರದು. ಸ್ಪರ್ಶಿಸುವ ಜಾಗ ಕನಿಷ್ಠ 24 ಪಿಕ್ಸೆಲ್ ಚೌಕವಿರಬೇಕೆಂದು ಡಬಲ್ ಎ ಮಟ್ಟ ಹೇಳುತ್ತದೆ, ಆದರೆ ಅದು ತಳಮಟ್ಟ ಮಾತ್ರ. ಆ್ಯಪಲ್ ಸೂಚಿಸುವ 44 ಪಾಯಿಂಟ್ ಅಥವಾ ಆಂಡ್ರಾಯ್ಡ್ ಸೂಚಿಸುವ 48 ಡಿಪಿಯನ್ನೇ ಹಿಡಿಯಿರಿ. ನಡುಗುವ ಬೆರಳಿಗೆ 24 ಸಾಲದು. ಎಳೆದು ಬಿಡುವ ಕೆಲಸವಿದ್ದಲ್ಲಿ ಬರಿಯ ಒತ್ತುವಿಕೆಯಿಂದಲೂ ಅದು ಆಗುವಂತಿರಲಿ. ಯಾವುದೂ ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿನುಗಬಾರದು. ಈ ಕೊನೆಯ ನಿಯಮ ಮುರಿದರೆ ಆಗುವುದು ಅನನುಕೂಲವಲ್ಲ, ದೈಹಿಕ ಅಪಾಯ. ಚಲನೆ ಕಡಿಮೆ ಮಾಡಿ ಎಂದು ಬಳಕೆದಾರರು ತಮ್ಮ ಸಾಧನದಲ್ಲಿ ಆರಿಸಿಕೊಂಡಿದ್ದರೆ ನಿಮ್ಮ ಆ್ಯಪ್ ಅದನ್ನು ಗೌರವಿಸಬೇಕು.

ಚಿತ್ರ, ದನಿ, ಭಾಷೆ

ಚಿತ್ರದ ಬದಲಿಗೆ ಸ್ಕ್ರೀನ್ ರೀಡರ್ ಓದುವ ಪರ್ಯಾಯ ಪಠ್ಯವನ್ನು ಬರೆಯುವಾಗ ಚಿತ್ರದಲ್ಲಿ ಏನಿದೆ ಎಂದು ಕೇಳಿಕೊಳ್ಳುವುದಕ್ಕಿಂತ ಆ ಚಿತ್ರ ಇಲ್ಲಿ ಏಕಿದೆ ಎಂದು ಕೇಳಿಕೊಳ್ಳಿ. ಒಂದೇ ಭೂತಗನ್ನಡಿಯ ಚಿತ್ರ ಹುಡುಕುವ ಬಟನ್ನಿನ ಮೇಲಿದ್ದರೆ ಅದರ ಪರ್ಯಾಯ "ಹುಡುಕಿ" ಎಂದಾಗಬೇಕು, ಪ್ರಯೋಗಾಲಯದ ಉಪಕರಣಗಳ ಪಾಠದಲ್ಲಿದ್ದರೆ ಅದರ ಹಿಡಿ, ಗಾಜುಗಳ ವರ್ಣನೆಯಾಗಬೇಕು, ಬರಿಯ ಅಲಂಕಾರಕ್ಕಿದ್ದರೆ ಪರ್ಯಾಯವನ್ನು ಖಾಲಿ ಬಿಡಬೇಕು. ಖಾಲಿ ಬಿಡುವುದಕ್ಕೂ ಸಂಕೇತದಲ್ಲಿ ಪರ್ಯಾಯದ ಗುಣಲಕ್ಷಣವನ್ನೇ (alt) ಬರೆಯದಿರುವುದಕ್ಕೂ ವ್ಯತ್ಯಾಸವಿದೆ: ಬರೆಯದಿದ್ದರೆ ಕೆಲವು ಸ್ಕ್ರೀನ್ ರೀಡರ್‌ಗಳು ಕಡತದ ಉದ್ದನೆಯ ಹೆಸರನ್ನೇ ಓದತೊಡಗುತ್ತವೆ. ನಕ್ಷೆ ಅಥವಾ ಗ್ರಾಫ್ ಆದರೆ ಅದು ಹೇಳುವ ಸಂಗತಿಯನ್ನು ಪರ್ಯಾಯದಲ್ಲಿ ಬರೆದು, ಅಂಕಿಗಳನ್ನು ಕೆಳಗೆ ಕೋಷ್ಟಕವಾಗಿ ಕೊಡಿ.

ವಿಡಿಯೊಗೆ ಅಡಿಬರಹ ಬೇಕು, ಅದರಲ್ಲಿ ಮಾತಿನ ಜೊತೆಗೆ ಯಾರು ಮಾತನಾಡುತ್ತಿದ್ದಾರೆ, ಬಾಗಿಲು ಬಡಿದ ಸದ್ದು ಎಲ್ಲಿ ಕೇಳಿತು ಎಂಬುದೂ ಇರಬೇಕು. ಯಂತ್ರ ತಾನಾಗಿ ತಯಾರಿಸಿದ ಅಡಿಬರಹವನ್ನು ಮನುಷ್ಯರು ಓದಿ ತಿದ್ದದೆ ಪ್ರಕಟಿಸಬಾರದು. ಔಷಧದ ಹೆಸರು, ಪ್ರಮಾಣಗಳಂಥ ಕಡೆ ಒಂದು ತಪ್ಪು ಪದ ಎಷ್ಟು ಹಾನಿ ಮಾಡಬಲ್ಲುದೆಂದು ಬಿಡಿಸಿ ಹೇಳಬೇಕಿಲ್ಲ. ಕೈಸನ್ನೆಗಳ ಸಂಕೇತಭಾಷೆಯೇ ಮೊದಲ ಭಾಷೆಯಾಗಿರುವ ಕಿವುಡರಿಗೆ ಬರಹದ ಭಾಷೆ ಎರಡನೆಯದು, ಆದ್ದರಿಂದ ಮುಖ್ಯವಾದ ಸೂಚನೆಗಳಿಗೆ ಸಂಕೇತಭಾಷೆಯ ವಿಡಿಯೊ ಸೇರಿಸಿದರೆ ಅದು ಅಡಿಬರಹ ಮಾಡಲಾರದ ಉಪಕಾರವನ್ನು ಮಾಡುತ್ತದೆ.

ಪುಟ ಯಾವ ಭಾಷೆಯಲ್ಲಿದೆ ಎಂಬುದನ್ನು ಸಂಕೇತದಲ್ಲಿ ಘೋಷಿಸುವುದು ಒಂದೇ ಸಾಲಿನ ಕೆಲಸ, ಆದರೂ ಬಹಳ ಕಡೆ ಅದು ತಪ್ಪಿಹೋಗಿರುತ್ತದೆ. ಕನ್ನಡ ಪುಟವನ್ನು ಇಂಗ್ಲಿಷ್ ಎಂದು ಘೋಷಿಸಿದರೆ ಓದುವ ದನಿ ಅಕ್ಷರಗಳನ್ನು ಬಿಟ್ಟುಬಿಡಬಹುದು ಇಲ್ಲವೇ ವಿರೂಪಗೊಳಿಸಬಹುದು. ಯುನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಕನ್ನಡವಂತೂ ಕಣ್ಣಿಗೆ ಮಾತ್ರ ಕನ್ನಡ. ಸ್ಕ್ರೀನ್ ರೀಡರಿಗೆ ಅದು ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳ ರಾಶಿ. ಸ್ಕ್ಯಾನ್ ಮಾಡಿದ ಪಿಡಿಎಫ್ ಕೂಡ ಹಾಗೆಯೇ, ಅದು ಪಠ್ಯವಲ್ಲ, ಪಠ್ಯದ ಛಾಯಾಚಿತ್ರ. ದೃಢೀಕರಣದ ಚೀಟಿಯನ್ನು ಚಿತ್ರವಾಗಿ ಕಳುಹಿಸಿದರೆ ಐದನೆಯ ಹಂತದಲ್ಲಿ ಕೆಲಸ ಕೆಟ್ಟಂತೆ.

ಯಂತ್ರವನ್ನೇ ರೂಪಿಸುತ್ತಿದ್ದರೆ, ಉದಾಹರಣೆಗೆ ಟೋಕನ್ ಕೊಡುವ ಯಂತ್ರ, ನಯವಾದ ಗಾಜಿನ ಪರದೆಯೊಂದನ್ನೇ ಇಟ್ಟು ಬಿಡಬೇಡಿ. ಬೆರಳಿಗೆ ತಾಗುವ ಗುಂಡಿಗಳು, ಹೆಡ್‌ಫೋನ್ ಜಾಗ, ಗಾಲಿಕುರ್ಚಿಯಲ್ಲಿ ಕುಳಿತವರ ಕೈಗೆಟುಕುವ ಎತ್ತರ, ಮೊಣಕಾಲಿಗೆ ಜಾಗ, ಇವು ಬೇಕು. ಕೀಪ್ಯಾಡಿನ 5ರ ಮೇಲಿನ ಉಬ್ಬಿದ ಚುಕ್ಕೆ ಎಷ್ಟು ಚಿಕ್ಕದು, ಆದರೆ ಉಳಿದ ಎಲ್ಲ ಅಂಕಿಗಳ ಸ್ಥಾನವನ್ನೂ ಬೆರಳಿಗೆ ಅದೇ ಹೇಳುತ್ತದೆ.

ಪರೀಕ್ಷೆ

ಮೊದಲು ಮೌಸನ್ನು ಕಿತ್ತಿಡಿ. ಟ್ಯಾಬ್, ಎಂಟರ್, ಸ್ಪೇಸ್, ಬಾಣದ ಕೀಲಿಗಳಿಂದಲೇ ಐದು ಹಂತಗಳನ್ನೂ ಮುಗಿಸಲು ನೋಡಿ. ಅರ್ಧ ಗಂಟೆಯಲ್ಲಿ ದೊಡ್ಡ ದೋಷಗಳ ಪಟ್ಟಿ ಕೈಗೆ ಬರುತ್ತದೆ. ಆಮೇಲೆ ಪುಟವನ್ನು 400 ಪ್ರತಿಶತ ಹಿಗ್ಗಿಸಿ ಅದೇ ಕೆಲಸ ಮಾಡಿ. ನಂತರ ಸ್ಕ್ರೀನ್ ರೀಡರ್ ತೆರೆಯಿರಿ: ಎನ್‌ವಿಡಿಎ ಉಚಿತವಾಗಿ ಸಿಗುತ್ತದೆ, ವಾಯ್ಸ್‌ಓವರ್ ಆ್ಯಪಲ್ ಸಾಧನಗಳಲ್ಲೂ ಟಾಕ್‌ಬ್ಯಾಕ್ ಆಂಡ್ರಾಯ್ಡ್ ಫೋನುಗಳಲ್ಲೂ ಮೊದಲೇ ಇರುತ್ತವೆ. ಒಂದರಲ್ಲಿ ಸರಿಯಿದ್ದದ್ದು ಇನ್ನೊಂದರಲ್ಲಿ ತಪ್ಪಬಹುದು, ಹಾಗಾಗಿ ಕನಿಷ್ಠ ಎರಡರಲ್ಲಿ ನೋಡಿ. ತಾನಾಗಿ ದೋಷ ಹುಡುಕುವ ಸಾಧನಗಳನ್ನು ಅವಶ್ಯವಾಗಿ ಬಳಸಿ, ಆದರೆ ಅವುಗಳ ಮಿತಿ ತಿಳಿದಿರಲಿ. ಪರ್ಯಾಯ ಪಠ್ಯ ಇದೆಯೇ ಎಂಬುದನ್ನು ಅವು ಹೇಳಬಲ್ಲವು, ಅದು ಚಿತ್ರಕ್ಕೆ ಹೊಂದುತ್ತದೆಯೇ ಎಂಬುದನ್ನು ಹೇಳಲಾರವು. ಒಂದು ಸಾಲಿನ ಸಂಕೇತ ಸೇರಿಸಿದರೆ ಇಡೀ ತಾಣ ಸುಗಮ್ಯವಾಗುತ್ತದೆ ಎಂದು ಮಾರಾಟವಾಗುವ ಮೇಲ್ಪದರದ ಸಾಧನಗಳನ್ನು ನಂಬಬೇಡಿ; ಹೆಸರಿಲ್ಲದ ಬಟನ್ನಿಗೆ ಸರಿಯಾದ ಹೆಸರನ್ನು ಹೊರಗಿನಿಂದ ಊಹಿಸುವುದು ಅವುಗಳಿಂದ ನಂಬಿಕೆಗೆ ಅರ್ಹವಾಗಿ ಆಗದ ಕೆಲಸ, ಅಲ್ಲದೆ ಬಳಕೆದಾರರ ಸ್ವಂತ ಸ್ಕ್ರೀನ್ ರೀಡರಿಗೆ ಅವು ಅಡ್ಡಿಪಡಿಸುವುದೂ ಉಂಟು.

ಇಷ್ಟಾದ ಮೇಲೆ, ಆರಂಭದಲ್ಲಿ ಮಾತನಾಡಿಸಿದವರನ್ನೇ ಮತ್ತೆ ಕರೆಯಿರಿ. ಅವರದೇ ಫೋನಿನಲ್ಲಿ, ಅವರು ಹೊಂದಿಸಿಕೊಂಡ ವೇಗ, ಗಾತ್ರಗಳಲ್ಲಿ, ಮುಂದಿನ ವಾರದ ಒಂದು ಸಮಯ ಕಾಯ್ದಿರಿಸಿ ಎಂದಷ್ಟೇ ಹೇಳಿ ಸುಮ್ಮನೆ ಕುಳಿತು ನೋಡಿ. ಸಿಕ್ಕ ದೋಷಗಳಲ್ಲಿ ಕೆಲಸವನ್ನೇ ನಿಲ್ಲಿಸುವಂಥವನ್ನು ಮೊದಲು, ನಿಧಾನಗೊಳಿಸುವಂಥವನ್ನು ಆಮೇಲೆ ಸರಿಪಡಿಸಿ. ಸರಿಪಡಿಸಿದ ಬಟನ್, ಖಾನೆ, ಕ್ಯಾಲೆಂಡರುಗಳನ್ನು ತಂಡದ ಎಲ್ಲರೂ ಮತ್ತೆ ಬಳಸುವ ಸಂಗ್ರಹಕ್ಕೆ ಸೇರಿಸಿ, ಅದೇ ತಪ್ಪು ಬೇರೆ ಪುಟದಲ್ಲಿ ಮರುಕಳಿಸದು. ತೊಂದರೆಯಾದಾಗ ತಿಳಿಸಲು ಇಮೇಲ್, ಫೋನ್ ಎರಡನ್ನೂ ಕೊಟ್ಟು, ಬಂದ ದೂರಿಗೆ ಉತ್ತರಿಸುವ ಹೊಣೆಯನ್ನು ಒಬ್ಬರಿಗೆ ವಹಿಸಿ. ಆ್ಯಪಿನ ಪ್ರತಿ ಹೊಸ ಆವೃತ್ತಿ ಹೊರಬರುವ ಹಿಂದಿನ ದಿನ ಮೌಸಿಲ್ಲದೆ ಒಮ್ಮೆ, ಪರದೆಯನ್ನು ನಂದಿಸಿ ಸ್ಕ್ರೀನ್ ರೀಡರಿನಿಂದ ಒಮ್ಮೆ, ವೈದ್ಯರ ಹುಡುಕಾಟದಿಂದ ದೃಢೀಕರಣದವರೆಗಿನ ಐದು ಹಂತಗಳನ್ನು ನಡೆಸಿ ನೋಡಿ. ಎಲ್ಲಿಯಾದರೂ ನಿಂತುಹೋದರೆ ಆ ಆವೃತ್ತಿಯನ್ನು ತಡೆಹಿಡಿಯಿರಿ.